ಅಕ್ಕಿಕಾಳು ಬೀಳುವ ತನಕ

ನಾನು ಯಾವ ಆಸ್ಪತ್ರೆಯಲ್ಲಿ ಡಾಕ್ಟರಿಕೆ ಮಾಡುತ್ತೇನೆ ಅಂತ ಹೇಳುವುದಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರೂ ಊರಿನ ಬಸ್ಸುಗಳು ಅದರ ಮುಂದೆ ಹಾದು ಹೋಗುತ್ತವೆ, ಅಷ್ಟು ಸಾಕು. ಹೆಚ್ಚಿಗೆ ಹೇಳಿದರೆ ಸಂಜೆಯೊಳಗೆ ಯಾರದೋ ಮನೆಯ ಹೆಸರು ಹೊರಗೆ ಬೀಳುತ್ತದೆ. ನಮ್ಮ ಸೀಮೆಯಲ್ಲಿ ಗುಟ್ಟು ಬಹಳ ದಿನ ಬಾಳುವುದಿಲ್ಲ. ತುಂಬಿದ ಶೇರ್ ಆಟೋದಲ್ಲಿ ಒಬ್ಬ ಸೀನಿದರೆ, ಸಂತೆಕಲ್ಲೂರು ಮುಟ್ಟುವುದರೊಳಗೆ ಅವನಿಗೆ ಯಾವ ಜ್ವರ, ಯಾರ ಮನೆಯ ಊಟದಿಂದ ಬಂತು ಎಂಬುದೆಲ್ಲ ತೀರ್ಮಾನವಾಗಿರುತ್ತದೆ. ನಾನೂ ಇದೇ ಮಣ್ಣಿನವಳು, ಲಿಂಗಸುಗೂರಿನ ಮಗಳು. ಹಾಗಾಗಿ ಬೈಯುವ ಹಕ್ಕು ನನಗಿದೆ.

ಎಲ್ಲ ರೋಗಕ್ಕೂ ನಮ್ಮಲ್ಲಿ ಒಂದೇ ಮರ್ಯಾದೆಯಲ್ಲ. ಶುಗರ್ ಗೌರವದ ರೋಗ. ಚಹಾಕ್ಕೆ ಸಕ್ಕರೆ ಬೇಡ ಅನ್ನುವಾಗ ಕೆಲವರ ದನಿಯಲ್ಲಿ ಸಣ್ಣ ಹೆಮ್ಮೆಯೂ ಇರುತ್ತದೆ. ಬಿ.ಪಿ. ಇದ್ದವರಿಗೆ ಮನೆಯಲ್ಲಿ ಸಿಟ್ಟು ಮಾಡುವ ಪರವಾನಗಿ ಸಿಗುತ್ತದೆ. ಹಾರ್ಟ್ ಅಂತೂ ದೊಡ್ಡ ಮನುಷ್ಯರದು. ಕ್ಯಾನ್ಸರಿಗೆ ಮಾತ್ರ ಹೆಸರೇ ಇಲ್ಲ. 'ಅದು' ಅನ್ನುತ್ತಾರೆ, ಅದನ್ನೂ ದನಿ ಇಳಿಸಿ, ಗೋಡೆಯ ಕಡೆ ಮುಖ ಮಾಡಿ. 'ಅದು' ಬಂದ ಮನೆಗೆ ಹೆಣ್ಣು ಕೊಡುವವರಿಲ್ಲ, ಆ ಮನೆಯ ಹೆಣ್ಣು ತರುವವರೂ ಇಲ್ಲ. ರಕ್ತದಲ್ಲಿ ಹರಿದು ಬರುತ್ತದೆ ಅಂತ ಒಬ್ಬರು, ಉಂಡ ತಾಟಿನಿಂದ ಹತ್ತುತ್ತದೆ ಅಂತ ಇನ್ನೊಬ್ಬರು. ಇವರಿಗೆಲ್ಲ ತಿಳಿಸಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆಯೇ ಹೊರತು ಒಂದು ತಾಟೂ ಜಾಗ ಬದಲಿಸಿಲ್ಲ.

ಆಕೆ ಬಂದದ್ದು ದಸರೆಯ ಮುಂದೆ. ಸಾಲಗುಂದದ ಕಡೆಯ ಒಕ್ಕಲುತನದ ಮನೆಯವಳು, ಕೊರಳಲ್ಲಿ ಲಿಂಗದ ಕರಡಿಗೆ, ನಲವತ್ತು ದಾಟಿದ ಗಟ್ಟಿಮುಟ್ಟಾದ ಹೆಂಗಸು. ಶುಗರ್ ಟೆಸ್ಟ್ ಮಾಡಿಸಬೇಕು ಅಂದಳು. ರಕ್ತ ಕೊಟ್ಟು ಬಾ ಅಂದರೆ ಏಳಲಿಲ್ಲ. ಉಳಿದವರೆಲ್ಲ ಹೋದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಸೆರಗು ಸರಿಸಿ, ನನ್ನ ಕೈ ಹಿಡಿದು ತಾನೇ ಎಡಗಡೆಯ ಎದೆಗೆ ಇಟ್ಟುಕೊಂಡಳು. ಗಂಟು ಬೆರಳಿಗೆ ಸಿಕ್ಕಿತು. ಅಡಿಕೆಯಷ್ಟಿತ್ತು, ಕಲ್ಲಿನಂತೆ ಗಟ್ಟಿ. ಇಂಥದ್ದು ಮುಟ್ಟಿದಾಗ ಡಾಕ್ಟರ ಮುಖದಲ್ಲಿ ಏನೂ ಕಾಣಬಾರದು ಅಂತ ಕಲಿಸಿರುತ್ತಾರೆ. ನನ್ನ ಮುಖ ಮೊದಲಿನಿಂದಲೂ ನನ್ನ ಮಾತು ಕೇಳುವುದಿಲ್ಲ.

"ಅದ ಏನ್ರೀ ಅಕ್ಕಾರ?" ಅಂದಳು.

"ಸೂಜಿ ಚುಚ್ಚಿ ತಪಾಸ ಮಾಡಿಸಬೇಕು. ಅಲ್ಲೀತನಕ ನಾ ಏನೂ ಹೇಳಂಗಿಲ್ಲ."

"ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ. ನನ್ನ ಮಗಳ ನಿಶ್ಚಯ ಆಗೈತಿ."

ತಪಾಸಣೆಗೆ ಹುಬ್ಬಳ್ಳಿಗೇ ಹೋಗಬೇಕಾಯಿತು. 'ಅದೇ' ಅಂತ ಬಂತು. ಆದರೆ ಗಂಟು ಇನ್ನೂ ಸಣ್ಣದು, ಕಂಕುಳಿಗೆ ಇಳಿದಿರಲಿಲ್ಲ. ಅಲ್ಲಿಯ ದೊಡ್ಡ ಆಸ್ಪತ್ರೆಯವರು ಮೊದಲು ಕೀಮೋ ಇಂಜೆಕ್ಷನ್, ಆಮೇಲೆ ಆಪರೇಷನ್ ಅಂದರು. ಈಗಲೇ ಶುರು ಮಾಡಿದರೆ ಬದುಕುವ ಹೆಂಗಸು. ತಡ ಮಾಡಿದರೆ ಏನಾಗುತ್ತದೆ ಎಂಬುದನ್ನು ನಾನು ಇಲ್ಲಿ ನೋಡುತ್ತಲೇ ಬಂದಿದ್ದೇನೆ. ಮದುವೆ ಶಿವರಾತ್ರಿ ಆದ ಮೇಲಿತ್ತು. ಗಂಡಿನವರು ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇದ್ದವರು, ತಲೆಮಾರುಗಳಿಂದ ವ್ಯಾಪಾರದವರು.

"ಮಗಳ ತಲಿ ಮ್ಯಾಲ ಅಕ್ಕಿಕಾಳು ಬೀಳ್ಲಿ ಅಕ್ಕಾರ. ಆಮ್ಯಾಲ ನೀವು ಏನ ಮಾಡಿದ್ರೂ ಮಾಡ್ರಿ," ಅಂದಳು.

ನನಗೆ ಸಿಟ್ಟು ಬಂತು. "ಮಗಳ ಲಗ್ನ ಮಾಡ್ತೀ, ಖರೆ. ನಾಳೆ ಆಕಿ ಬಾಣಂತನ ಯಾರು ಮಾಡ್ತಾರ?"

"ಲಗ್ನನ ಆಗದಿದ್ರ ಬಾಣಂತನ ಎಲ್ಲಿಂದ ಬರತೈತ್ರಿ?"

ಗಂಡ ಪಕ್ಕದಲ್ಲೇ ಮೊಳಕಾಲ ಮೇಲೆ ಕೈ ಇಟ್ಟು ಕೂತಿದ್ದ. ಮೆತ್ತಗಿನ ಮನುಷ್ಯ. ನೀನಾದರೂ ಹೇಳಪ್ಪ ಅಂದರೆ, "ನಾ ಏನ ಹೇಳ್ಲಿರೀ, ಲಿಂಗದ ಮ್ಯಾಲ ಕೈ ಇಡಿಸಿ ಆಣಿ ಹಾಕಿಸ್ಯಾಳ. ನಮ್ಮವ್ವಗೂ ಹೇಳಂಗಿಲ್ಲ," ಅಂದ.

ಅಸಲು ಅಡ್ಡಿ ಇಂಜೆಕ್ಷನ್ನಿನದಲ್ಲ, ಕೂದಲಿನದು. ತಲೆಗೆ ಬಟ್ಟೆ ಸುತ್ತಿಕೊಂಡ ಹೆಂಗಸು ಹುಬ್ಬಳ್ಳಿ ಬಸ್ಸಿನಿಂದ ಇಳಿದರೆ ಸಿಂಧನೂರು ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವವನಿಗೂ ಗೊತ್ತಾಗುತ್ತದೆ. ರೋಗ ಒಳಗಿರುತ್ತದೆ, ಕೂದಲು ಡಂಗುರ ಹೊಡೆಯುತ್ತದೆ.

ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಕ್ಯಾನ್ಸರ್ ನೋಡುವುದೆಂದರೆ ಹೆಚ್ಚಾಗಿ ಇದೇ. ನನ್ನಲ್ಲಿ ಆ ಸ್ಕ್ಯಾನ್ ಇಲ್ಲ, ಆ ಔಷಧ ಇಲ್ಲ, ಆ ವಿದ್ಯೆಯ ಡಾಕ್ಟರಿಲ್ಲ. ನಾನು ದಾರಿಯ ಪಕ್ಕದ ಕೈಮರ. ಇತ್ತ ಹೋಗಿ ಅಂತ ತೋರಿಸುವುದು, ಹೋದವರು ತಿರುಗಿ ಬಂದಾಗ ವಾಂತಿಗೆ, ಜ್ವರಕ್ಕೆ, ಸುಸ್ತಿಗೆ ಸಲೈನ್ ಏರಿಸುವುದು. ಅವರಿಗೆಂದೇ ಒಂದು ಕೋಣೆಯೂ ಇಲ್ಲ. ಹೆರಿಗೆ ವಾರ್ಡಿನ ಮಗ್ಗುಲಲ್ಲಿ ಪರದೆ ಎಳೆದು ಮಲಗಿಸುತ್ತೇನೆ. ಮನೆಗೆ ಹೋಗಿ ನೋಡೋಣವೆಂದರೆ ಅದೂ ಆಗದು. ನನ್ನ ಸ್ಕೂಟಿ ಒಬ್ಬರ ಮನೆ ಮುಂದೆ ನಿಂತರೆ ಓಣಿಯೆಲ್ಲ ಬಾಗಿಲಿಗೆ ಬರುತ್ತದೆ. ಬದುಕಿಸುವ ದಾರಿ ಕಣ್ಣೆದುರಿಗಿದೆ, ಹೆಂಗಸು ಕುರ್ಚಿ ಬಿಟ್ಟು ಏಳುವುದಿಲ್ಲ, ನಾನು ಬಾಯಿ ತೆರೆಯುವಂತಿಲ್ಲ. ಆ ದಿನಗಳಲ್ಲಿ ಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕುತ್ತಿದ್ದೆ.

ಕೊನೆಗೆ ದಾರಿ ತೆರೆದದ್ದು ನಾನಲ್ಲ. ಮತ್ತೆ 'ಶುಗರ್' ಅಂತ ಬಂದ ದಿನ ಆಕೆ ಬೆಂಚಿನ ಮೇಲೆ ಒಬ್ಬ ಕ್ಯಾಂಪಿನ ಹೆಂಗಸಿನ ಪಕ್ಕ ಕೂತಳು. ಕಾಲುವೆ ನೀರಿನ ಹಿಂದೆ ಆಂಧ್ರದಿಂದ ಬಂದು ನೆಲೆ ನಿಂತವರ ಊರುಗಳಿಗೆ ನಾವು ಕ್ಯಾಂಪ್ ಅನ್ನುತ್ತೇವೆ. ಆ ಹೆಂಗಸು ಆಗಷ್ಟೇ ತಿರುಪತಿಗೆ ಹೋಗಿ ಬಂದಿದ್ದಳು. ನುಣ್ಣಗಿನ ಬೋಳು ತಲೆ, ಕೊರಳಲ್ಲಿ ತಾಳಿ, ಹಣೆಯಲ್ಲಿ ಕಾಸಗಲ ಕುಂಕುಮ. ಪಕ್ಕದಲ್ಲಿ ಗಂಡ, ಅವನದೂ ಬೋಳು. ನನ್ನವಳು ಆ ತಲೆಯನ್ನು ನೋಡಿದ್ದೇ ನೋಡಿದ್ದು.

"ಗಂಡ ಅದಾನ, ನಿಮಗೇನೂ ಅನ್ನಂಗಿಲ್ಲೇನ ಮಂದಿ?" ಅಂತ ಕೇಳಿಯೇಬಿಟ್ಟಳು.

"ಏಮಂಟಾರಮ್ಮಾ, ಏನಂತಾರ? ಸ್ವಾಮಿಗೆ ಕೊಟ್ಟು ಬಂದೀವಿ," ಅಂತ ಆಕೆ ನಕ್ಕಳು.

ಒಳಗೆ ಬಂದವಳ ಮುಖ ಬೇರೆಯೇ ಆಗಿತ್ತು. "ಅಕ್ಕಾರ, ನಾ ಮೊದಲ ಮುಡಿ ಕೊಟ್ಟುಬಿಟ್ರ ಹೆಂಗ್ರೀ? ಉದುರಾಕ ಏನ ಉಳಿತೈತಿ?"

ನಾನು ದೊಡ್ಡ ದನಿಯಲ್ಲಿ ನಕ್ಕುಬಿಟ್ಟೆ. ಇಷ್ಟು ದಿನದ ಬಿಗಿ ಸಡಿಲಾಯಿತು. ಆದರೆ ನಗು ಮುಂದಿನ ವಾರದ ತನಕ ಬಾಳಲಿಲ್ಲ. ಅತ್ತೆ ಬೇಡವೆಂದಿದ್ದಳು. ಕ್ಯಾಂಪಿನವರ ಪದ್ಧತಿ ಅವರಿಗೆ, ನಮ್ಮ ಕಡೆ ಮುತ್ತೈದೆ ಹರಕೆ ಹೊತ್ತರೆ ಮೂರು ಕತ್ತರಿ ಕೂದಲು ಕೊಡುತ್ತಾಳೆ, ಅಷ್ಟೆ. ಅದರಲ್ಲೂ ಮಗಳಿಗೆ ಮದುವೆಯ ಸುರಗಿ ನೂಲು ಸುತ್ತುವಾಗ ತಾಯಿ ಬೋಳು ತಲೆಯಲ್ಲಿ ಕೂರುವುದೆ? "ನನ್ನ ಮಗ ಜೀವಂತ ಇರೂಮುಂದ ತಲಿ ಬೋಳಿಸ್ತೀಯೇನ?" ಅಂತ ಮುದುಕಿ ಊಟ ಬಿಟ್ಟು ಕೂತಿತ್ತಂತೆ.

ಅತ್ತೆಗೆ ರೋಗ ಹೇಳಿದರೆ ಒಪ್ಪುತ್ತಾಳೆ, ಹೇಳುವಂತಿಲ್ಲ. ಹೇಳದಿದ್ದರೆ ಒಪ್ಪುವುದಿಲ್ಲ. ಆಗ ಪಕ್ಕದಲ್ಲಿದ್ದ ಆ ಮೆತ್ತಗಿನ ಗಂಡ ಕೆಮ್ಮಿದ.

"ಹರಕಿ ನನ್ನ ಸಲುವಾಗಿ ಅಂದ್ರ?" ಅಂದ. "ನನಗ ಎದಿ ನೋವು ಬಂದಿತ್ತು. ಗಂಡ ಉಳದ್ರ ಮುಡಿ ಕೊಡ್ತೀನಿ ಅಂತ ಆಕಿ ಶ್ರೀಶೈಲದ ಮಲ್ಲಯ್ಯಗ ಬೇಡ್ಕೊಂಡಾಳ. ಅವ್ವ ಬ್ಯಾಡ ಅಂತಾಳೇನ್ರಿ?"

ಹೆಂಡತಿ ಅವನನ್ನು ಹೊಸದಾಗಿ ನೋಡಿದಂತೆ ನೋಡಿದಳು. ನಾನೂ ನೋಡಿದೆ. ಬಾಯಿಲ್ಲದವನು ಅಂದುಕೊಂಡಿದ್ದೆವು.

ಮುದುಕಿ ಅಷ್ಟು ಸುಲಭದವಳಲ್ಲ. ಖಾತ್ರಿ ಮಾಡಿಕೊಳ್ಳಲು ಮಗನನ್ನು ಎಳೆದುಕೊಂಡು ಆಸ್ಪತ್ರೆಗೇ ಬಂದಳು. "ಖರೇ ಹೇಳ ಯವ್ವಾ, ನನ್ನ ಮಗಗ ಏನಾಗೈತಿ?" ಅಂತ ನನ್ನ ಗಲ್ಲ ಹಿಡಿದು ಕೇಳಿದಳು. ಅವನ ಬಿ.ಪಿ. ನೋಡಿದೆ, ನಿಜವಾಗಿಯೂ ಏರಿತ್ತು. ಆ ಮನೆಯಲ್ಲಿ ಆಗ ಯಾರದು ಏರಿರಲಿಲ್ಲ? ಎದೆಗೆ ತಂತಿ ಹಚ್ಚಿ ಇ.ಸಿ.ಜಿ. ತೆಗೆದೆ. ಅದರಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ, ಆದರೆ ಕಾಗದದ ಮೇಲಿನ ಏರಿಳಿತದ ಗೆರೆ ನೋಡಿಯೇ ಮುದುಕಿಯ ಬಾಯಿ ಒಣಗಿತು.

"ಬಿ.ಪಿ. ಐತ್ರಿ ಅವ್ವ. ಎದಿ ಮ್ಯಾಲ ಭಾರ ಬೀಳತೈತಿ. ಸಂಭಾಳಸ್ಕೋಬೇಕು," ಅಂದೆ. ಒಂದೊಂದು ಮಾತೂ ನಿಜ, ಎಲ್ಲ ಕೂಡಿ ಸುಳ್ಳು.

ಮುದುಕಿ ಹೊರಗೆ ಹೋಗಿ ಸೊಸೆಯ ತಲೆಯ ಮೇಲೆ ಕೈ ಇಟ್ಟಳು. "ಕೊಡವ್ವ, ಮುಡಿ ಕೊಟ್ಟು ಬಾ. ಕೂದ್ಲ ಹೋದ್ರ ಬರತಾವ, ಗಂಡ ಹೋದ್ರ ಬರತಾನೇನು?" ಅಂದಳು. ಬೆಂಚಿನ ಮೇಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ನಾನು ಒಳಗೆ ಬಂದು ಒಂದು ತಂಬಿಗೆ ನೀರು ಕುಡಿದೆ.

ಗಂಡ ಹೆಂಡತಿ ಶ್ರೀಶೈಲಕ್ಕೆ ಹೋಗಿ ಇಬ್ಬರೂ ಮುಡಿ ಕೊಟ್ಟು ಬಂದರು. ದೀಪಾವಳಿಯ ಹೊತ್ತಿಗೆ ಮೊದಲ ಇಂಜೆಕ್ಷನ್ ಆಯಿತು. ಹುಬ್ಬಳ್ಳಿಗೆ ಹೋಗುವುದಕ್ಕೆ ನೆಪ ಬೇಕಲ್ಲ, ಮದುವೆಯ ಜವಳಿ ಅಂದರು. ಪ್ರತಿ ಸಲವೂ ಇಂಜೆಕ್ಷನ್ ಮುಗಿಸಿ, ಆಕೆ ಹೊಟ್ಟೆ ತೊಳಸುತ್ತ ಅಂಗಡಿಯ ಮೆಟ್ಟಿಲ ಮೇಲೆ ಕೂತರೆ, ಗಂಡ ಒಳಗೆ ಹೋಗಿ ಕೈಗೆ ಸಿಕ್ಕ ಸೀರೆ ತರುತ್ತಿದ್ದ. ಅವನ ಆಯ್ಕೆ ದೇವರಿಗೇ ಪ್ರೀತಿ. ಅತ್ತೆ ಆ ಬಣ್ಣಗಳನ್ನು ನೋಡಿ, ಇಬ್ಬರ ಕಣ್ಣೂ ಹೋಗ್ಯಾವೇನು ಅಂತ ಬೈದಳಂತೆ.

ಇನ್ನೊಂದು ಕಾಟ. ಕೊಟ್ಟ ಮುಡಿ ಇಷ್ಟರಲ್ಲಿ ಮತ್ತೆ ಮೊಳೆಯಬೇಕಿತ್ತು, ಆಕೆಯದು ಮೊಳೆಯುವಂತಿರಲಿಲ್ಲ. ಅದಕ್ಕೂ ಗಂಡನೇ ಉಪಾಯ ಮಾಡಿದ. ಮಗಳ ಮದುವೆ ಆಗುವ ತನಕ ಕೂದಲು ಬಿಡುವುದಿಲ್ಲ ಅಂತ ಬೇಡಿಕೊಂಡಿದ್ದೇವೆ ಎಂದು ಹೇಳಿ ತಾನೂ ಮೇಲಿಂದ ಮೇಲೆ ಬೋಳಿಸಿಕೊಳ್ಳುತ್ತಿದ್ದ. ನಡುನಡುವೆ ಆಕೆಯ ರಕ್ತದ ಬಿಳಿ ಕಣ ಕುಸಿದಾಗ ಏರಿಸುವ ಇಂಜೆಕ್ಷನ್ ತಣ್ಣಗೇ ಇರಬೇಕು. ಸಿಂಧನೂರಿನಲ್ಲಿ ಕೊಂಡರೆ ಔಷಧ ಅಂಗಡಿಯವನು ಪರಿಚಯಸ್ಥ, ಮಸ್ಕಿಯಲ್ಲಿ ಬೀಗರು. ಲಿಂಗಸುಗೂರಿನಿಂದ ನಾನೇ ಹಾಲಿನ ಚೀಲದಲ್ಲಿ ಐಸ್ ಹಾಕಿ ತರುತ್ತಿದ್ದೆ. ಕಳ್ಳ ಮಾಲು ಸಾಗಿಸುವವರಿಗೂ ಇಷ್ಟು ಅಂಜಿಕೆ ಇರಲಿಕ್ಕಿಲ್ಲ.

ಹಾರ್ಟಿನ ಸುದ್ದಿ ಮಸ್ಕಿ ಮುಟ್ಟದೆ ಇರುತ್ತದೆಯೆ? ಒಂದು ದಿನ ಗಂಡಿನ ತಾಯಿ, ಅಂದರೆ ಇವಳ ಬೀಗತಿ, ಒಬ್ಬಳೇ ಬಂದಳು. ಇಳಕಲ್ ಸೀರೆ, ಎರಡೂ ಭುಜ ಮುಚ್ಚಿ ಹೊದ್ದ ಸೆರಗು, ಎದೆಗೆ ಅವಚಿ ಹಿಡಿದ ಚೀಲ. ಬೀಗರ ಎದೆಯ ಬಗ್ಗೆ ಕೇಳಿದಳು. ಮುದುಕಿಗೆ ಹೇಳಿದ್ದನ್ನೇ ಹೇಳಿದೆ.

"ಹಾರ್ಟ್ ಆದ್ರ ಚಿಂತಿಲ್ಲ ಬಿಡ್ರಿ, ಎಲ್ಲಾರಿಗೂ ಬರತೈತಿ. ಬೀಗತಿ ತಲಿ ನೋಡಿ ಮಂದಿ ಏನೇನೋ ಅಂದ್ರು. 'ಅದು' ಇರಬೇಕು ಅಂದ್ರು," ಅಂದಳು.

ನಾನು ಮುಂದಿನವರ ಚೀಟಿ ಎತ್ತಿಕೊಂಡೆ. ಆಕೆ ಏಳಲಿಲ್ಲ.

"'ಅದು' ಆದ್ರ ಖರೇನ ಎಲ್ಲಾ ಕೂದ್ಲ ಹೋಗತಾವೇನ್ರಿ? ಪೂರಾ ಕೊಯ್ದು ತಗೀತಾರೇನ್ರಿ? ಒಂದೀಟು ದಿನ ತಡದ್ರ ನಡಿತೈತೇನ್ರಿ?"

ಪೊಲೀಸರ ಹಾಗೆ ಸುತ್ತಿ ಸುತ್ತಿ ಕೇಳುತ್ತಿದ್ದಾಳೆ, ನನ್ನ ಬಾಯಿಂದ ಬಿಡಿಸಲು ಬಂದಿದ್ದಾಳೆ ಅಂತಲೇ ನನಗೆ ಅನ್ನಿಸಿತು. "ಅದು ಆಗಿ ಬಂದವರಿಗೆ ಹೇಳ್ತೀವ್ರಿ. ಉಳಿದವರಿಗೆ ಯಾಕ?" ಅಂದೆ. ಆಕೆ ಎದ್ದು, ಬಾಗಿಲ ಹತ್ತಿರ ಸ್ವಲ್ಪ ನಿಂತಳು. "ಬೀಗರ ಎದಿ ಗಟ್ಟಿ ಇದ್ದಾಗ ಲಗ್ನ ಲಗೂ ಮುಗಸೋಣ್ರಿ. ನಮಗೂ ಲಗೂ ಆದ್ರ ಚಲೋ," ಅಂದು ಹೋದಳು. ಗುಟ್ಟು ಉಳಿಸಿದೆ ಅಂತ ಆವತ್ತು ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಮದುವೆ ಶಿವರಾತ್ರಿಯಿಂದ ಹಿಂದಕ್ಕೆ ಬಂದು, ಧನುರ್ಮಾಸ ಹಿಡಿಯುವುದರೊಳಗೆ ಮಸ್ಕಿಯಲ್ಲೇ ಆಗುವುದೆಂದು ಗೊತ್ತಾಯಿತು. ಸರಿಯಾಗಿ ಇಂಜೆಕ್ಷನ್ ಆಗಿ ಮೈಯಲ್ಲಿ ಕಸುವೇ ಇಲ್ಲದ ವಾರ. ಆ ವಾರ ಸೀನು ಬಂದವರ ಹತ್ತಿರವೂ ಸುಳಿಯಬಾರದು. ಆಕೆ ಊರಿನ ಎಲ್ಲ ಹೆಂಗಸರಿಂದ ಉಡಿ ತುಂಬಿಸಿಕೊಳ್ಳಬೇಕು. ಮಾಸ್ಕ್ ಹಾಕಿಕೋ ಅಂದೆ. ಕೊರೊನಾ ಹೋದ ಮೇಲೆ ಮಾಸ್ಕ್ ಹಾಕಿದವರನ್ನು ಮಂದಿ ಕಳ್ಳರಂತೆ ನೋಡುತ್ತಾರೆ ಅಂತ ಆಕೆ ಒಪ್ಪಲಿಲ್ಲ.

ನಾನೂ ಹೋಗಿದ್ದೆ, ಕೈಚೀಲದಲ್ಲಿ ಥರ್ಮಾಮೀಟರ್ ಇಟ್ಟುಕೊಂಡು. ಬೋಳು ತಲೆಯ ಮೇಲೆ ಸೆರಗು ಹೊದ್ದು, ಕಾಡಿಗೆಯಿಂದ ಹುಬ್ಬು ತಿದ್ದಿಕೊಂಡು ಆಕೆ ಮಗಳ ಪಕ್ಕ ಕೂತಿದ್ದಳು. ಗಂಡನಿಗಾಗಿ ಮುಡಿ ಕೊಟ್ಟವಳು ಅಂತ ಮುದುಕಿ ಕಂಡಕಂಡವರಿಗೆ ತೋರಿಸುತ್ತಿದ್ದಳು. ಅಕ್ಕಿಕಾಳು ಬಿದ್ದವು. ಬೀಗತಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗಂಡಿನ ತಾಯಿ ಹತ್ತಿರ ಬಂದರೆ ಅತ್ತರಿನ ವಾಸನೆ ಮೂಗು ಕಟ್ಟುವಂತಿತ್ತು, ವ್ಯಾಪಾರಸ್ಥರ ದೌಲತ್ತು ಅಂದುಕೊಂಡೆ. ನನ್ನ ಕಣ್ಣೆಲ್ಲ ನನ್ನವಳ ಮೇಲೆ. ಎರಡು ದಿನಕ್ಕೆ ಆಕೆಗೆ ಜ್ವರ ಬಂತು, ಪರದೆಯ ಹಿಂದೆ ಮಲಗಿಸಿದೆ, ಇಳಿಯಿತು. ಆ ಪರದೆ ಹಿಡಿದು ನಾನು ಮಕ್ಕಳ ಹಾಗೆ ಅತ್ತುಬಿಟ್ಟೆ.

ಸಂಕ್ರಾಂತಿ ಆದ ಮೇಲೆ ಗಂಡಿನ ತಾಯಿ ಮತ್ತೆ ಬಂದಳು. ಈ ಸಲ ತಾನೇ ಬಾಗಿಲಿಗೆ ಚಿಲಕ ಹಾಕಿದಳು. ಹೊದ್ದ ಸೆರಗು ತೆಗೆದಳು. ಅತ್ತರಿನ ಅಡಿಯಿಂದ ಆ ವಾಸನೆ ಬಂತು. ಗೊತ್ತಿದ್ದವರಿಗೆ ಅದನ್ನು ವಿವರಿಸಬೇಕಿಲ್ಲ, ಗೊತ್ತಿಲ್ಲದವರಿಗೆ ಬೇಡ. ಗಂಟು ಒಡೆದು ಹುಣ್ಣಾಗಿತ್ತು. ಕಂಕುಳಲ್ಲಿ ಗಡ್ಡೆಗಳು ಕೈಗೆ ಸಿಕ್ಕವು.

"ಯಾವಾಗಿಂದ್ರಿ ಇದು?"

"ನಿಶ್ಚಯಕ್ಕಿಂತ ಮೊದಲಿಂದ. ಗೊತ್ತಾದ್ರ ಹೆಣ್ಣಿನವರು ಬಿಟ್ಟುಗಿಟ್ಟಾರು ಅಂತ ಸುಮ್ಮನಿದ್ದೆ. ಆವತ್ತು ಬಂದಿದ್ದೆನಲ್ರಿ, ಕೇಳಿದೆ. ಆಗಿ ಬಂದವರಿಗೆ ಹೇಳ್ತೀವಿ ಅಂದ್ರಿ."

ಎರಡು ಮನೆ, ಒಂದೇ ರೋಗ, ಒಬ್ಬರಿಗೊಬ್ಬರು ಅಂಜಿ ಮುಚ್ಚಿಟ್ಟುಕೊಂಡು ಅಕ್ಕಿಕಾಳಿನ ದಾರಿ ಕಾದಿದ್ದರು. ಒಬ್ಬಳ ಗುಟ್ಟಿಗೆ ಕಾವಲು ನಿಂತ ನನಗೆ ಎದುರಿಗೇ ಕೂತ ಇನ್ನೊಬ್ಬಳು ಕಾಣಲಿಲ್ಲ. ನಿಮ್ಮ ಬೀಗತಿಗೂ ಇದೇ ಆಗಿದೆ, ಆಕೆ ಚೇತರಿಸಿಕೊಳ್ಳುತ್ತಿದ್ದಾಳೆ, ಹೋಗಿ ಆಕೆಯ ಪಕ್ಕ ಕೂರಿ ಅಂತ ಹೇಳಬೇಕೆನಿಸಿತು. ಆ ಮಾತಿನಷ್ಟು ದೊಡ್ಡ ಔಷಧ ನನ್ನ ಕಪಾಟಿನಲ್ಲಿ ಬೇರೆ ಇರಲಿಲ್ಲ. ಅದನ್ನು ಕೊಡುವ ಹಕ್ಕೂ ನನಗಿರಲಿಲ್ಲ.

"ಹುಬ್ಬಳ್ಳಿಗೆ ಹೋಗಬೇಕ್ರಿ, ನಾಳೆನ," ಅಂದೆ.

"ಹೋಗ್ತೀನ್ರಿ." ಸೆರಗು ಹೊದ್ದುಕೊಳ್ಳುತ್ತ ಅಂದಳು, "ನಮ್ಮ ಬೀಗರಿಗೆ ಬಂತಲ್ರಿ ಹಾರ್ಟ್, ನಮ್ಮ ಮನಿಯವರಿಗೂ ಅದನ್ನ ಬರಸ್ರಿ."

ನಾನು ತಲೆ ಎತ್ತಿದೆ. ಆಕೆ ಕಣ್ಣು ತಗ್ಗಿಸಲಿಲ್ಲ.

"ಯಾವಾಗ ತಿಳೀತು?"

"ಲಗ್ನದಾಗ ತಬ್ಬಿಕೊಂಡಾಗ. ಆಕಿನೂ ನನ್ನಂಗ ಎದಿ ತಾಗಸಲಿಲ್ಲ." ಆಮೇಲೆ ಅಂದಳು, "ಆಕಿ ಬರೂ ದಿನ ನನ್ನ ಕರೀಬ್ಯಾಡ್ರಿ. ಆಕಿಗೆ ಗೊತ್ತಾಗೂದು ಬ್ಯಾಡ."

ಸಾಲಗುಂದದವಳಿಗೆ ಮಂಗಳವಾರ, ಮಸ್ಕಿಯವಳಿಗೆ ಶುಕ್ರವಾರ ಅಂತ ಗೊತ್ತು ಮಾಡಿದೆ. ಬೆಂಚು ಒಂದೇ. ಒಬ್ಬಳಿಗೆ ಆಪರೇಷನ್ ಆಯಿತು; ತಲೆಯ ಮೇಲೆ ಎಳೆಗೂದಲು ಬಂದಿದೆ. ಇನ್ನೊಬ್ಬಳಿಗೆ ಹುಬ್ಬಳ್ಳಿಯವರು ಎಲುಬಿಗೂ ಇಳಿದಿದೆ ಅಂದರು. ನೋವು ತಗ್ಗಿಸಬಹುದು, ದಿನ ಹೆಚ್ಚಿಸಬಹುದು, ಅದಕ್ಕಿಂತ ಹೆಚ್ಚಿನ ಆಸೆ ನಾನು ಕೊಡುವುದಿಲ್ಲ. ಆಕೆಗೂ ಇಂಜೆಕ್ಷನ್ ಶುರುವಾಗಿ ತಲೆ ಬೋಳಾಯಿತು. ಆಕೆಯ ಗಂಡನ ಬಿ.ಪಿ.ಯೂ ನೋಡಿದೆ. ಅವನದೂ ಏರಿತ್ತು.

ಹೋದ ಮಂಗಳವಾರ ಸಾ‌ಲಗುಂದದವಳು ಎದ್ದು ಹೋಗುವ ಮುಂದೆ ಚೀಲದಿಂದ ಒಂದು ಮೆತ್ತನೆಯ ಹತ್ತಿ ಬಟ್ಟೆ ತೆಗೆದು ಮೇಜಿನ ಮೇಲಿಟ್ಟಳು. ಒಗೆದು ಒಗೆದು ನವುರಾದದ್ದು, ಆ ತಿಂಗಳುಗಳಲ್ಲಿ ಸೆರಗಿನ ಒಳಗೆ ತಲೆಗೆ ಕಟ್ಟಿಕೊಳ್ಳುತ್ತಿದ್ದದ್ದು.

"ಬ್ಯಾಸಗಿ ಬಂತ್ರಿ. ಬೋಳು ತಲಿಗೆ ಜರಿ ಚುಚ್ಚತೈತಿ."

"ಯಾರಿಗಿದು?" ಅಂದೆ.

"ಶುಕ್ರವಾರ ಬರೋರಿಗೆ. ನನ್ನ ಮಗಳು ಅದಾಳಲ್ರಿ ಆ ಮನ್ಯಾಗ," ಅಂದು ತಿರುಗಿ ನೋಡದೆ ಹೋದಳು.

ಶುಕ್ರವಾರ ಅದನ್ನು ಬೀಗತಿಯ ಕೈಗಿಟ್ಟೆ. ಯಾರು ಕೊಟ್ಟರು ಅಂತ ಆಕೆ ಕೇಳಲಿಲ್ಲ. ಮೂಗಿಗೆ ಹಿಡಿದು ನೋಡಿದಳು, ನಿಧಾನವಾಗಿ ತಲೆಗೆ ಸುತ್ತಿಕೊಂಡಳು. ಆಮೇಲೆ ಬೆಂಚಿನ ಕಡೆ ನೋಡಿ, "ನಾನೂ ಮಂಗಳವಾರ ಬಂದ್ರ ನಡಿತೈತೇನ್ರಿ?" ಅಂದಳು.

ಇಬ್ಬರಿಗೂ ಮಾತು ಕೊಟ್ಟಿದ್ದೆ.

"ಮಂಗಳವಾರ ಆಸ್ಪತ್ರಿ ತೆರದಿರತೈತ್ರಿ," ಅಂದೆ. ಅಷ್ಟು ಮಾತ್ರ ನಾನು ಹೇಳಬಹುದಿತ್ತು.